ಹೆಸರುಬಲ

ಬ್ಯಾಂಕಿನ ಗಾಜಿನ ಬಾಗಿಲಿನ ಹೊರಗೆ ನಿಂತು ಮೋಹನ್‌ಕುಮಾರ್ ತಾನು ಕೇಳಬೇಕಾದ ಮಾತನ್ನು ಇನ್ನೊಮ್ಮೆ ಬಾಯೊಳಗೇ ಹೊರಳಿಸಿ ನೋಡಿದ. ಯಾವುದನ್ನು ಮೊದಲು ಹೇಳಬೇಕು ಎಂಬುದೇ ಬಗೆಹರಿಯುತ್ತಿರಲಿಲ್ಲ. ಹೆಂಡತಿ ತೀರಿಕೊಂಡಳು ಎಂದು ಶುರುಮಾಡಿದರೆ ಎದುರಿಗಿದ್ದವರು ಅಯ್ಯೋ ಎನ್ನುತ್ತಾರೆ. ಆ ಅಯ್ಯೋ ಇನ್ನೂ ಅವರ ಬಾಯಲ್ಲಿರುವಾಗಲೇ, ಸಾಲದ ಮೇಲೆ ಇನ್ಶೂರೆನ್ಸ್ ಇತ್ತಾ ನೋಡಿ ಎನ್ನುವುದು ಹೆಣದ ಕಿವಿಯಿಂದ ಓಲೆ ಬಿಚ್ಚಿದ ಹಾಗೆ ಕಾಣುತ್ತದೆ. ಇನ್ಶೂರೆನ್ಸಿನಿಂದಲೇ ಶುರುಮಾಡಿದರೆ ಹೋದವರು ಯಾರು ಎಂದು ಅವರೇ ಕೇಳುತ್ತಾರೆ, ಆಗ ನಂದಿತಾಳ ಹೆಸರನ್ನು ಯಾವುದೋ ಅಕೌಂಟಿನ ನಂಬರು ಹೇಳಿದಂತೆ ಹೇಳಬೇಕಾಗುತ್ತದೆ. ವಸಂತನರಸಾಪುರದ ಬಿಸ್ಕತ್ತು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ. ಅಂಗಿಗೆ ಇನ್ನೂ ಸುಟ್ಟ ಸಕ್ಕರೆಯ ವಾಸನೆಯಿತ್ತು. ಸೆಕ್ಯೂರಿಟಿಯವನು ಬಾಗಿಲನ್ನು ತೆರೆದು ಹಿಡಿದು, ಬರುವುದಾದರೆ ಒಳಗೆ ಬನ್ನಿ ಸರ್, ಎಸಿ ಎಲ್ಲ ಆಚೆ ಹೋಗುತ್ತೆ ಎಂದ. ಅಷ್ಟು ಸಣ್ಣ ಮಾತಿಗೂ ಈಚೆಗೆ ಅವನ ಮುಖ ಬಿಸಿಯಾಗುತ್ತಿತ್ತು.

ಒಳಗೆ ಟೋಕನ್ ಹಿಡಿದು ಕೂತ. ಎದುರು ಗೋಡೆಯ ಮೇಲೆ ಗಂಡ, ಹೆಂಡತಿ, ಮಗು ಹೊಸ ಮನೆಯ ಮುಂದೆ ನಿಂತು ನಗುತ್ತಿರುವ ಪೋಸ್ಟರು. ಸಾಲಕ್ಕೆಂದು ಇಬ್ಬರೂ ಬಂದಿದ್ದ ದಿನವೂ ಇಂಥದೇ ಒಂದು ಅಲ್ಲಿತ್ತು. ನಂದಿತಾ ಅವನ ಮೊಣಕೈ ತಿವಿದು, ಆ ಸೀರೆ ನೋಡ್ರೀ, ಉಡಿಸಿದ ಮೇಲೆ ಇಸ್ತ್ರಿ ಮಾಡಿದ್ದಾರೆ ಎಂದು ನಕ್ಕಿದ್ದಳು. ಮರಳೂರಿನ ಮನೆ ಎರಡು ಸಂಬಳದ ಧೈರ್ಯದ ಮೇಲೆ ಎದ್ದದ್ದು. ಅವಳು ದೊಡ್ಡ ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರು, ಸಂಬಳವೂ ಇವನಿಗಿಂತ ಒಂದು ತೂಕ ಹೆಚ್ಚೇ. ಹೋದ ಮಳೆಗಾಲದಲ್ಲಿ ಜ್ವರ ಎಂದು ಮಲಗಿದವಳು ವಾರ ತುಂಬುವುದರೊಳಗೆ ಇಲ್ಲವಾದಳು. ಮಗಳು ಇಂಪನಾ ಗುಬ್ಬಿಗೆ ಅಜ್ಜಿಯ ಮನೆಗೆ ಹೋದಳು, ಕಂತುಗಳು ಒಂದೊಂದಾಗಿ ನಿಂತವು, ವಸೂಲಿಯವನು ಇವನು ಇಲ್ಲದ ಹೊತ್ತು ನೋಡಿ ಬಂದು ಪಕ್ಕದ ಮನೆಯವರ ಹತ್ತಿರ ಎಲ್ಲವನ್ನೂ ವಿಚಾರಿಸಿ ಹೋದ. ಈಗ ಏನೂ ದಾರಿ ಆಗದಿದ್ದರೆ ಬಾಗಿಲಿಗೆ ನೋಟೀಸು, ಆಮೇಲೆ ಹರಾಜು. ಆ ಮನೆಯ ಅಡುಗೆ ಕಟ್ಟೆಯನ್ನು ನಂದಿತಾ ಗಾರೆಯವರ ಹತ್ತಿರ ಜಗಳವಾಡಿ ತನ್ನ ಎತ್ತರಕ್ಕೆ ಸರಿಯಾಗಿ ಕಟ್ಟಿಸಿಕೊಂಡಿದ್ದಳು. ಇವನು ದಿನಾ ಅಲ್ಲಿ ಬಗ್ಗಿ ಪಾತ್ರೆ ತೊಳೆದು ಸೊಂಟ ಹಿಡಿದುಕೊಳ್ಳುತ್ತಿದ್ದ. ಸೊಂಟ ನೋಯುವಾಗಲೆಲ್ಲ ಅವಳು ಅಲ್ಲೇ ಎಲ್ಲೋ ಇದ್ದಾಳೆ ಅನ್ನಿಸುತ್ತಿತ್ತು. ಆ ಕಟ್ಟೆಯ ಮುಂದೆ ಇನ್ಯಾರೋ ನಿಂತು ಚಪಾತಿ ಲಟ್ಟಿಸುವುದನ್ನು ನೆನೆಯಲೂ ಅವನಿಗೆ ಆಗುತ್ತಿರಲಿಲ್ಲ. ಮನೆ ಸಾಲ ಕೊಡುವಾಗ ಬ್ಯಾಂಕಿನವರು ಇನ್ಶೂರೆನ್ಸ್ ಹಿಡಿದುಕೊಂಡೇ ಕೊಟ್ಟಿರುತ್ತಾರೆ, ಸತ್ತವರ ಸಾಲ ಮನ್ನಾ ಆಗುತ್ತೆ, ಹೋಗಿ ಕೇಳು ಎಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜೊತೆ ಕೆಲಸದ ಓಬಳಯ್ಯ ಹೇಳಿದ್ದು ಮೊನ್ನೆ. ಇದನ್ನು ಇಷ್ಟು ದಿನ ಯಾಕೆ ಯಾರೂ ಹೇಳಲಿಲ್ಲ ಎಂದು ಅವನ ಮೇಲೇ ರೇಗಿ, ಆಮೇಲೆ ಅವನ ಟೀ ದುಡ್ಡನ್ನೂ ತಾನೇ ಕೊಟ್ಟಿದ್ದ.

ಸಾಲದ ಸೆಕ್ಷನ್ನಿನಲ್ಲಿ ಕೂತಿದ್ದ ಹುಡುಗಿಯ ಮೇಜಿನ ಮೇಲೆ ಮಂಜುಶ್ರೀ ಎಂಬ ಫಲಕವಿತ್ತು. ಅವನು ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತು ಎರಡೂ ತುದಿಯಿಂದ ಒಟ್ಟಿಗೇ ಹೊರಬಿದ್ದು ಏನೂ ಅರ್ಥವಾಗದಂತಾಯಿತು. ಅವಳು ತಾಳ್ಮೆಯಿಂದ ಸಾಲದ ನಂಬರು ಕೇಳಿ ಒತ್ತಿದಳು, ಪರದೆಯ ಮೇಲೆ ಬಂದ ಹೆಸರುಗಳನ್ನು ಓದಿದಳು. ಆಮೇಲೆ ಮೆಲ್ಲಗೆ, "ನಂದಿತಾ ಮಿಸ್ಸಾ?" ಎಂದು ಕೇಳಿದಳು. ಒಂಬತ್ತನೇ ಕ್ಲಾಸಿನಲ್ಲಿ ತನಗೆ ಪಾಠ ಮಾಡಿದವರು, ಕಪ್ಪೆಯ ಚಿತ್ರ ಬರೆಯಲು ಬರದೆ ಅಳುತ್ತಿದ್ದಾಗ ಕೈಹಿಡಿದು ಬರೆಸಿದವರು ಎಂದಳು. ತೀರಿಹೋದದ್ದು ಗೊತ್ತೇ ಇರಲಿಲ್ಲವಂತೆ. ಕಣ್ಣು ಒರೆಸಿಕೊಂಡು, ಲಂಚ್‌ಗೆ ಏಳುವ ಹೊತ್ತಾಗಿದ್ದರೂ ಏಳದೆ, ಹಳೆಯ ಫೈಲು ತರಿಸಿದಳು, ಯಾರಿಗೋ ಫೋನ್ ಮಾಡಿ ಇಂಗ್ಲಿಷಿನಲ್ಲಿ ಜೋರು ಮಾಡಿದಳು. ಮೋಹನ್‌ಕುಮಾರನಿಗೆ ಒಳಗೊಳಗೇ ನಾಚಿಕೆ. ಬೇರೆಯವರ ದುಃಖ ತನ್ನದಕ್ಕಿಂತ ಸ್ವಚ್ಛವಾಗಿ ಕಂಡಿತು. ಅವಳು ಮಿಸ್ಸಿಗಾಗಿ ಅಳುತ್ತಿದ್ದಳು, ಇವನು ಅವಳ ಅಳು ಫೈಲಿನ ಕೆಲಸವನ್ನು ಬೇಗ ಮಾಡಿಸೀತು ಎಂದು ಲೆಕ್ಕ ಹಾಕುತ್ತಿದ್ದ. ಆ ಲೆಕ್ಕ ತನ್ನದೇ ಎಂದು ಗೊತ್ತಾದಾಗ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು, ಆದರೆ ಏಳಲಿಲ್ಲ.

"ಇದೆ ಸರ್," ಎಂದಳು ಮಂಜುಶ್ರೀ. "ಇನ್ಶೂರೆನ್ಸ್ ಮಾಡ್ಸಿದೀರ. ಸಾಲದ ಜೊತೆನೇ ಪ್ರೀಮಿಯಂ ಕಟ್ ಆಗಿದೆ."

ಅವನಿಗೆ ಸುತ್ತಲಿನ ಸದ್ದೆಲ್ಲ ಒಮ್ಮೆ ದೂರ ಹೋಯಿತು. ಇದೆ. ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಡುಗೆ ಕಟ್ಟೆ ಉಳಿಯಿತು. ಪಕ್ಕದ ಮನೆಯವರು ಇನ್ನು ಮುಖ ತಿರುಗಿಸಬೇಕಿಲ್ಲ, ಇಂಪನಾಳನ್ನು ಗುಬ್ಬಿಯಿಂದ ಕರೆತರಬಹುದು, ರಾತ್ರಿ ಪಾಳಿ ಬಿಟ್ಟು ಹಗಲಿನದು ಕೇಳಿಕೊಳ್ಳಬಹುದು. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತದ್ದು ಎದ್ದು ಆಚೆ ಹೋದಂತಾಗಿ ಅವನು ನಂದಿತಾಳನ್ನು ನೆನೆದ, ಅದೂ ಹೇಗೆ, ಯಾವುದೋ ದೂರದೂರಿನಲ್ಲಿ ಕೆಲಸಕ್ಕಿದ್ದು ತಿಂಗಳಿಗೆ ಸರಿಯಾಗಿ ದುಡ್ಡು ಕಳಿಸುವ ಹೆಂಡತಿಯನ್ನು ನೆನೆದ ಹಾಗೆ. ಸತ್ತು ಅವಳು ಒಂದು ಉಪಕಾರ ಮಾಡಿದಳು ಎಂಬ ಮಾತು ಮನಸ್ಸಿಗೆ ಬಂದೇ ಬಂತು. ಬಂದದ್ದನ್ನು ಓಡಿಸುವ ಮೊದಲು ಅವನು ಅದರ ನೆರಳಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದ. ಮಂಜುಶ್ರೀ ಪರದೆಯನ್ನೇ ನೋಡುತ್ತಿದ್ದಳು.

"ಸರ್, ಇದು ಮಿಸ್ ಮೇಲೆ ಇಲ್ಲ. ನಿಮ್ ಮೇಲಿದೆ."

"ನನ್ ಮೇಲೆ ಅಂದ್ರೆ?"

"ಲೋನಲ್ಲಿ ಯಾರ ಹೆಸ್ರು ಮೊದ್ಲಿರುತ್ತೋ ಅವ್ರ ಮೇಲೆ ಮಾಡ್ತಾರೆ ಸರ್. ಇಬ್ರ ಮೇಲೂ ಮಾಡ್ಸಬೋದಿತ್ತು. ಇದ್ರಲ್ಲಿ ಒಬ್ರದೇ ಇದೆ." ನಿಮಗೇನಾದರೂ ಆದರೆ ಎಂದು ಶುರುಮಾಡಿ ಅವಳು ಅಲ್ಲಿಗೇ ನಿಲ್ಲಿಸಿ ನೀರಿನ ಬಾಟಲಿಯನ್ನು ಅವನ ಕಡೆ ಸರಿಸಿದಳು.

ಯಾರ ಹೆಸರು ಮೊದಲು. ಅದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೈಟು ಕೊಂಡ ವರ್ಷ, ಪಾಯ ತೆಗೆಯುವ ಮೊದಲು, ಅತ್ತೆ, ನಂದಿತಾಳ ತಾಯಿ ಚಿಕ್ಕಗಂಗಮ್ಮ, ಗುಬ್ಬಿಯ ಜೋಯಿಸರಾದ ಲಕ್ಷ್ಮೀನರಸಿಂಹಯ್ಯನವರ ಹತ್ತಿರ ಹೆಸರುಬಲ ನೋಡಿಸಿದ್ದಳು. ಮನೆ ಯಾರ ಹೆಸರಿಗೆ ಕೂಡಿಬರುತ್ತದೋ ಅವರ ಹೆಸರಲ್ಲೇ ಪಾಯದ ಪೂಜೆ, ಅವರ ಹೆಸರಲ್ಲೇ ಪತ್ರ. ಅವರ ಮನೆತನದಲ್ಲಿ ಬೋರು ಕೊರೆಸುವುದಕ್ಕೂ ಇದೇ ಕ್ರಮ. ಜೋಯಿಸರು ಬೆರಳು ಮಡಿಸಿ ಎಣಿಸಿ, ಹೆಣ್ಣುಮಗಳ ಹೆಸರಿಗೆ ಚೆನ್ನಾಗಿ ಕೂಡುತ್ತದೆ, ಯಜಮಾನರ ಹೆಸರಿಗೆ ಬಲ ಸಾಲದು ಎಂದುಬಿಟ್ಟರು. ಸಾಲದು ಎಂಬ ಆ ಮಾತು ಮೋಹನ್‌ಕುಮಾರನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ಅವನು ನಂದಿತಾ ಮಿಸ್ಸಿನ ಯಜಮಾನರು, ಬೀದಿಯಲ್ಲಿ ಟೀಚರ ಮನೆಯವರು, ಸಂಬಳದ ದಿನ ಮಾತಾಡದೆ ಕೂರುವವನು; ಇನ್ನು ಮನೆಯ ಪತ್ರದಲ್ಲೂ ಎರಡನೆಯವನೇ. ಯಾರಿಗೂ ಹೇಳದೆ ಒಂದು ಭಾನುವಾರ ಬೈಕ್ ಹತ್ತಿ, ಜೊತೆ ಕೆಲಸದ ಬೆಟ್ಟಸ್ವಾಮಿ ಹೇಳಿದ್ದ ಕುಣಿಗಲ್ಲಿನ ಜೋಯಿಸರನ್ನು ಹುಡುಕಿಕೊಂಡು ಹೋದ. ಅವರೂ ಎಣಿಸಿ ಮೊದಲು ತಲೆಯಾಡಿಸಿದರು. ಆಮೇಲೆ ಇವನ ಮುಖ ನೋಡಿ ಏನನ್ನಿಸಿತೋ, ಮನೆಯಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿದರು. ಕುಮಾರ ಅಂತಾರೆ ಎಂದ. ಅದನ್ನು ಮೊದಲೇ ಹೇಳಬಾರದೇ, ಮೊದಲಕ್ಷರ ಮೋ ಹೋಯಿತು, ಕು ಬಂತು, ನಕ್ಷತ್ರವೂ ಬದಲಾಯಿತು, ಬಲ ಬೇಕಾದಷ್ಟಿದೆ ಎಂದು ಅವರು ಎಲೆ ಅಡಿಕೆಯ ದಕ್ಷಿಣೆಯನ್ನು ಕಣ್ಣಿಗೊತ್ತಿಕೊಂಡರು. ವಾಪಸ್ ಬರುವಾಗ ಕುಣಿಗಲ್ ಕೆರೆಯ ಏರಿಯ ಮೇಲೆ ಬೈಕ್ ನಿಲ್ಲಿಸಿ ಒಂದು ಸಿಗರೇಟು ಸೇದಿದ್ದ. ಅವತ್ತಿನಷ್ಟು ಸುಖವಾಗಿ ಅವನು ಆಮೇಲೆಂದೂ ಹೊಗೆ ಬಿಟ್ಟಿರಲಿಲ್ಲ. ಬ್ಯಾಂಕಿನಲ್ಲಿ ಆಗ ಇದ್ದ ಅಧಿಕಾರಿ, ಹೆಂಗಸರ ಹೆಸರು ಮೊದಲಿದ್ದರೆ ಬಡ್ಡಿ ಒಂದಿಷ್ಟು ಕಮ್ಮಿ ಎಂದು ಹೇಳಿದಾಗಲೂ, ಇಲ್ಲ ಸರ್, ನಮ್ಮಲ್ಲಿ ಹೆಸರುಬಲ ನೋಡಿಸಿದ್ದೇವೆ ಎಂದಿದ್ದ. ನಂದಿತಾ ಅವನನ್ನು ಓರೆಗಣ್ಣಿನಿಂದ ನೋಡಿದ್ದಳು. ಗುಬ್ಬಿಯಲ್ಲಿ ಏನು ಬಂದಿತ್ತೆಂದು ಅವಳಿಗೆ ಗೊತ್ತಿತ್ತು, ಕುಣಿಗಲ್ಲಿನ ಕಥೆಯನ್ನೂ ಊಹಿಸಿರಬೇಕು. ಹೊರಗೆ ಬಂದಮೇಲೆ ಇಷ್ಟೇ ಹೇಳಿದ್ದಳು: "ನಿಮ್ ಹೆಸ್ರೇ ಮೊದ್ಲಿರ್ಲಿ ಬಿಡ್ರೀ. ನಾನೇನ್ ಹೋಗೋವಾಗ ಮನೆ ಹೊತ್ಕೊಂಡ್ ಹೋಗ್ತೀನಾ." ಆಮೇಲೆ ಇಬ್ಬರೂ ಎದುರಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದರು.

ಪ್ರೀಮಿಯಂ ಪೂರ್ತಿ ಕಟ್ಟಿರುವುದರಿಂದ ಪಾಲಿಸಿ ಇನ್ನೂ ಚಾಲ್ತಿಯಲ್ಲಿದೆ ಎಂದು ಮಂಜುಶ್ರೀ ಹೇಳುತ್ತಿದ್ದಳು. ಬೇಡವೆಂದರೆ ವಾಪಸ್ ಕೊಡಬಹುದು, ಉಳಿದ ವರ್ಷಗಳ ಪಾಲಿನಲ್ಲಿ ಒಂದಿಷ್ಟು ಕೈಗೆ ಬರುತ್ತದೆ. ನಿಂತುಹೋದ ಕಂತುಗಳಿಗೆ ಅದನ್ನು ಹಾಕಿದರೆ ಹರಾಜಿನ ಮಾತು ಸದ್ಯಕ್ಕೆ ನಿಲ್ಲುತ್ತದೆ, ಅಷ್ಟರಲ್ಲಿ ನೀವೇ ನಿಂತು ಒಳ್ಳೆಯ ಬೆಲೆಗೆ ಮನೆ ಮಾರಿಕೊಳ್ಳಬಹುದು, ಸಾಲ ಕಳೆದು ಮಗುವಿನ ಹೆಸರಿಗೂ ಸ್ವಲ್ಪ ಉಳಿಯುತ್ತದೆ. ಅಂದರೆ ಮನೆ ಹೇಗೂ ಹೋಗುತ್ತದೆ. ಉಳಿಯುವ ದಾರಿ ಒಂದೇ, ಅದು ಈಗ ಈ ಕುರ್ಚಿಯಲ್ಲಿ ಕೂತು ಅವಳ ಬಾಟಲಿಯ ನೀರು ಕುಡಿಯುತ್ತಿತ್ತು. "ಬೇಡ, ಇರ್ಲಿ. ಇಟ್ಕೊಳ್ತೀನಿ," ಎಂದ ಅವನು. ಬಸ್ಸಿನಲ್ಲಿ ಸೀಟಿಗೆ ಟವಲ್ ಹಾಕುವವರ ಆತುರ ತನ್ನ ಮಾತಿನಲ್ಲಿದ್ದದ್ದು ಅವನಿಗೇ ಕೇಳಿಸಿತು. ಮಂಜುಶ್ರೀ ಪರದೆಯಿಂದ ಕಣ್ಣು ಕಿತ್ತು ಅವನನ್ನು ನೋಡಿದಳು. ಮನೆಯಲ್ಲಿ ಜೊತೆಗೆ ಯಾರಿದ್ದಾರೆ ಎಂದು ಕೇಳಿದಳು. ಮಗಳಿದ್ದಾಳೆ, ಗುಬ್ಬಿಯಲ್ಲಿ, ಅಜ್ಜಿಯ ಜೊತೆ ಎಂದ. ಹಾಗಾದರೆ ಇವತ್ತು ಅಲ್ಲಿಗೇ ಹೋಗಿ ಸರ್, ಎಂದು ಅವಳು ತನ್ನ ಮೊಬೈಲ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಅವಳ ದನಿಯಲ್ಲಿ ಟೀಚರ ಗತ್ತು ಒಂದಿಷ್ಟು ಇತ್ತು, ಎದುರಾಡಲು ಅವನಿಗೆ ಧೈರ್ಯವಾಗಲಿಲ್ಲ.

ಗುಬ್ಬಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಡ್ರೈವರನಿಗೆ ಅದೇನು ಅವಸರವೋ, ಹೆಗ್ಗೆರೆ ದಾಟಿದ್ದೇ ಮುಂದಿದ್ದ ಲಾರಿಯನ್ನು ಎಡಬಲ ನೋಡದೆ ಹಿಂದೆ ಹಾಕಲು ಹೋದ, ಎದುರಿನಿಂದ ಟಿಪ್ಪರೊಂದು ದೀಪ ಮಿನುಗಿಸುತ್ತ ಬಂದೇ ಬಂತು. ಹೆಂಗಸರು ಚೀರಿದರು, ಪಕ್ಕದ ಮುದುಕ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ತಬ್ಬಿದ. ಮೋಹನ್‌ಕುಮಾರ್ ಅಲುಗಾಡದೆ ಕೂತಿದ್ದ. ಟಿಪ್ಪರು ಪಕ್ಕದಲ್ಲಿ ಗಾಳಿ ಎಬ್ಬಿಸಿಕೊಂಡು ಹಾದುಹೋದ ಮೇಲೆ, ಎಲ್ಲರೂ ಡ್ರೈವರನನ್ನು ಬೈಯುತ್ತಿರುವಾಗ, ತನಗೆ ಭಯವೇ ಆಗಲಿಲ್ಲ ಎಂಬುದು ಅವನಿಗೆ ಗೊತ್ತಾಯಿತು. ಭಯವಾಗದೇ ಇದ್ದದ್ದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಟಿಪ್ಪರು ಹಾದುಹೋದಾಗ ಒಳಗೆ ಎಲ್ಲೋ ಒಂದು ಸಣ್ಣ ನಿರಾಸೆ, ಕ್ಯೂನಲ್ಲಿ ನಿಂತು ತನ್ನ ಸರದಿ ಬರುವ ಹೊತ್ತಿಗೆ ಕೌಂಟರು ಮುಚ್ಚಿದರೆ ಆಗುವಂಥದು, ಆಗಿತ್ತು. ಅದನ್ನು ಅವನು ಗುರುತು ಹಿಡಿದ. ಹಾಗೇನಿಲ್ಲ, ಮಗುವಿಗೆ ಒಂದು ಭದ್ರತೆ ಇರಲಿ ಎಂದು ಇಟ್ಟುಕೊಂಡೆ, ಯಾವ ಜವಾಬ್ದಾರಿಯುಳ್ಳ ತಂದೆಯೂ ಮಾಡುವುದೇ ಅದು ಎಂದು ತನಗೆ ತಾನೇ ವಿವರಿಸಿದ. ವಿವರಣೆ ಸರಿಯಾಗೇ ಇತ್ತು, ಯಾರ ಮುಂದೆ ಬೇಕಾದರೂ ಹೇಳಬಹುದಾಗಿತ್ತು. ಆದರೂ ಮನಸ್ಸು ತನ್ನ ಪಾಡಿಗೆ ಅತ್ತಲೇ ಹೋಗುತ್ತಿತ್ತು. ಅವರ ಕಾರ್ಖಾನೆಯಲ್ಲಿ ಒಡೆದ ಬಿಸ್ಕತ್ತಿಗೂ ಒಂದು ರೇಟಿದೆ, ತೂಕ ಹಾಕಿ ಮಾರುತ್ತಾರೆ. ಇಡಿಯಾಗಿ ಇರುವ ಮೋಹನ್‌ಕುಮಾರನಿಂದ ಯಾರಿಗೆ ಏನು ಪ್ರಯೋಜನ ಎಂದು ಯೋಚಿಸುತ್ತ ಯೋಚಿಸುತ್ತ ಮಲ್ಲಸಂದ್ರ ಹೋದದ್ದೂ ಗೊತ್ತಾಗಲಿಲ್ಲ. ನಂದಿತಾ ಬದುಕಿದ್ದು ಇವನು ಹೋಗಿದ್ದರೆ ಸಾಲ ತೀರುತ್ತಿತ್ತು, ಅವಳ ಸಂಬಳ ಪೂರ್ತಿ ಉಳಿಯುತ್ತಿತ್ತು, ಇಂಪನಾಳ ಕೈಹಿಡಿದು ಕಪ್ಪೆಯ ಚಿತ್ರ ಬರೆಸುವುದಕ್ಕೂ ಒಬ್ಬರು ಇರುತ್ತಿದ್ದರು. ಎಲ್ಲ ಕಡೆಯಿಂದಲೂ ಕೂಡಿಬರುತ್ತಿದ್ದ ಲೆಕ್ಕ. ಅದು ಆಗಲಿಲ್ಲ; ಅವಳ ಹೆಸರು ಮೊದಲಿದ್ದರೆ ಈಗ ಮನೆಯಾದರೂ ಉಳಿಯುತ್ತಿತ್ತು, ಅದನ್ನು ತಪ್ಪಿಸಿದ್ದು ತಾನು, ಬರೀ ಹೆಸರು ಮುಂದಿರಲಿ ಎಂಬ ಹಟಕ್ಕೆ. ಅವನಿಗೆ ಅಳಬೇಕು ಅನ್ನಿಸಿತು, ಆದರೆ ಪಕ್ಕದ ಮುದುಕ ಇನ್ನೂ ಎದೆ ಹಿಡಿದುಕೊಂಡು ಇವನ ಮುಖವನ್ನೇ ನೋಡುತ್ತಿದ್ದ.

ಚಿಕ್ಕಗಂಗಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಹರವಿಕೊಂಡು ಬೀಜ ತೆಗೆಯುತ್ತಿದ್ದಳು. ಇಂಪನಾ ಶಾಲೆಯಿಂದ ಬಂದು ಪಕ್ಕದ ಮನೆಗೆ ಆಡಲು ಹೋಗಿದ್ದಾಳೆ ಎಂದಳು. ಅಳಿಯ ಬಂದರೆ ಸೆರಗು ಸರಿಮಾಡಿಕೊಂಡು, ಬಹುವಚನ ಬಿಡದೆ, ಮುಖ ನೋಡದೆ ಮಾತಾಡಿಸುವುದು ಅವಳ ರೀತಿ; ನಂದಿತಾ ಹೋದಮೇಲೆ ಆ ಮರ್ಯಾದೆ ಇನ್ನೂ ಹೆಚ್ಚಾಗಿ ಇವನಿಗೆ ಉಸಿರು ಕಟ್ಟುವಂತಾಗಿತ್ತು. ತಟ್ಟೆಗೆ ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳು. ಈ ಹೆಂಗಸಿಗೆ ತಾನು ಬದುಕಿರುವುದು ಇಷ್ಟವಿಲ್ಲ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿದೆ, ಅನ್ನಿಸಿದ್ದಕ್ಕೆ ತಪ್ಪು ಅವಳದು ಎಂದು ಮಾತ್ರ ಅನ್ನಿಸಿರಲಿಲ್ಲ. ಇನ್ಶೂರೆನ್ಸ್ ವಿಚಾರಿಸಲು ಬ್ಯಾಂಕಿಗೆ ಹೋಗುತ್ತೇನೆ ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿದ್ದ. ಕೈಕಾಲು ತೊಳೆದು ಬಂದವನನ್ನು ಅವಳು ಹುಣಸೆಹಣ್ಣಿನ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದಳು.

"ಏನಂದ್ರು ಬ್ಯಾಂಕ್ನಾಗೆ?"

"ಐತೆ ಅಂದ್ರು ಅತ್ತೆ."

ಯಾಕೆ ಹಾಗೆಂದನೋ. ಉಳಿದದ್ದನ್ನೂ ಆ ಉಸಿರಿನಲ್ಲೇ ಹೇಳುವವನಿದ್ದ, ಅಷ್ಟರಲ್ಲಿ ಚಿಕ್ಕಗಂಗಮ್ಮ ಹುಣಸೆ ಮೆತ್ತಿದ ಕೈಯನ್ನು ಹಾಗೇ ಮೇಲೆತ್ತಿ ಮುಗಿದಳು. ನನ್ನ ಮಗಳು ಮನೆ ಉಳಿಸಿಯೇ ಹೋದಳು ಎಂದಳು. ಚಿಕ್ಕವಳಿದ್ದಾಗಲೂ ಹಾಗೆಯೇ, ಜಾತ್ರೆಗೆಂದು ಕೊಟ್ಟ ಕಾಸನ್ನು ತಿನ್ನದೆ ವಾಪಸ್ ತಂದು ಕೊಡುತ್ತಿದ್ದಳು ಎಂದಳು. ಆಮೇಲೆ ಅತ್ತಳು. ಇಷ್ಟು ತಿಂಗಳಲ್ಲಿ ಇವನೆದುರು ಅವಳು ಅತ್ತದ್ದು ಇದೇ ಮೊದಲು, ಅಳುವಿನಲ್ಲಿ ಒಂದು ನೆಮ್ಮದಿಯೂ ಇತ್ತು. ಮೋಹನ್‌ಕುಮಾರ್ ಕಂಬಕ್ಕೆ ಒರಗಿ ನಿಂತು ಆ ನೆಮ್ಮದಿಯನ್ನು ನೋಡಿದ. ಈಗ ಬಾಯಿ ತೆರೆದರೆ ಅವಳ ಮಗಳನ್ನು ಎರಡನೇ ಸಲ ಕೊಂದಂತೆ, ತೆರೆಯದಿದ್ದರೆ ನೋಟೀಸು ಬಂದ ದಿನ ಇದಕ್ಕಿಂತ ಹೀನವಾಗಿ ನಿಲ್ಲಬೇಕು. ದುಡ್ಡು ಯಾವಾಗ ಬರುತ್ತದಂತೆ ಎಂದು ಅವಳು ಕಣ್ಣೊರೆಸಿಕೊಂಡು ಕೇಳಿದಾಗ ಅವನಿಗೆ ಬೇರೆ ಗತಿ ಉಳಿಯಲಿಲ್ಲ.

"ಅದು ನಂದಿತಾ ಮೇಲಿಲ್ಲ ಅತ್ತೆ. ನನ್ ಮೇಲೈತೆ. ನಾನ್ ಹೋಗಿದ್ರೆ ಸಾಲ ತೀರೋದು."

ಗುಬ್ಬಿ, ಕುಣಿಗಲ್, ಮೋ, ಕು, ಎಲ್ಲವನ್ನೂ ಹೇಳಿದ. ಹೇಳುತ್ತ ಹೋದಂತೆ ದನಿ ಸಣ್ಣದಾಗುತ್ತ ಹೋಗಿ ಕೊನೆಕೊನೆಗೆ ಅವನಿಗೇ ಕೇಳಿಸದಂತಾಯಿತು. ಚಿಕ್ಕಗಂಗಮ್ಮ ಬೈಯಲಿಲ್ಲ. ಬೈಯುತ್ತಾಳೆ ಎಂದು ಕಾದ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಒಂದು ಹುಣಸೆ ತೊಳೆಯನ್ನು ಎತ್ತಿಕೊಂಡು ಬೀಜ ಬಿಡಿಸಿ ಮೊರಕ್ಕೆ ಹಾಕಿದಳು, ಇನ್ನೊಂದನ್ನು ಎತ್ತಿಕೊಂಡು ಅದನ್ನು ಹಾಗೇ ಕೈಯಲ್ಲಿ ಹಿಡಿದು ಕೂತಳು. ಹಾಳು ಶಾಸ್ತ್ರ ಎಂದೂ ಅನ್ನಲಿಲ್ಲ, ನನ್ನ ಮಗಳ ಹೆಸರಿಗೆ ಬಂದದ್ದನ್ನು ಕಿತ್ತುಕೊಂಡೆ ಎಂದೂ ಅನ್ನಲಿಲ್ಲ. ಆಮೇಲೆ, ಸಂತೆಯಲ್ಲಿ ಯಾವುದೋ ಸಾಮಾನಿನ ಬಗ್ಗೆ ವಿಚಾರಿಸುವಂತೆ, ಕೇಳಿದಳು.

"ಈಗ್ಲೂ ಐತಾ ಅದು?"

"ಐತೆ."

"ಬ್ಯಾಡ ಅಂದ್ರೆ ವಾಪಸ್ ತಗತಾರಾ?"

"ತಗತಾರೆ. ಒಸಿ ದುಡ್ಡೂ ಬತ್ತದೆ."

"ಮತ್ಯಾಕ್ ಇಟ್ಕಂಡ್ ಬಂದೆ?"

ಬಹುವಚನ ಬಿದ್ದುಹೋದದ್ದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಚಿಕ್ಕಗಂಗಮ್ಮ ಅದನ್ನು ಎತ್ತಿಕೊಳ್ಳಲು ಹೋಗಲಿಲ್ಲ. ಮದುವೆಯಾದಾಗಿನಿಂದ ಮೊದಲ ಬಾರಿಗೆ ಅವಳು ಅವನ ಮುಖವನ್ನು ನೇರವಾಗಿ ನೋಡುತ್ತಿದ್ದಳು. ಮಗುವಿಗೆ ಒಂದು ಭದ್ರತೆ ಇರಲಿ ಎಂದು ಅವನು ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತನ್ನು ಶುರುಮಾಡಿದ, ಆದರೆ ಆ ಕಣ್ಣಿನ ಮುಂದೆ ಅದು ಅರ್ಧಕ್ಕೇ ನಿಂತಿತು. ಅವನು ತಲೆ ತಗ್ಗಿಸಿದ. ಅವಳಿಗೆ ಉತ್ತರ ಸಿಕ್ಕಿತೆಂದು ಕಾಣುತ್ತದೆ, ಕೈಯಲ್ಲಿದ್ದ ಹುಣಸೆಹಣ್ಣನ್ನು ಕೆಳಗಿಟ್ಟಳು.

"ಕೇಳ್ ಇಲ್ಲಿ," ಎಂದಳು. "ಅವ್ಳು ಆಸ್ಪತ್ರೆನಾಗೆ ಮಲಗಿದ್ದಾಗ ನಾನ್ ದೇವ್ರನ್ನ ಬೇಡ್ಕಂಡಿದ್ದೆ. ನನ್ ಮಗ್ಳನ್ನ ಬುಟ್ಬುಡು, ಬೇಕಾದ್ರೆ ಅವ್ನನ್ನ ಕರ್ಕ ಅಂತ. ನೀನಾಗ ಎಳ್ನೀರ್ ತರಕ್ಕೆ ಹೋಗಿದ್ದೆ. ನೀನ್ ತಂದ್ಕೊಟ್ಟ ಎಳ್ನೀರ್ನ ಅದೇ ಕೈನಾಗೇ ಇಸ್ಕಂಡೆ. ಆವತ್ನಿಂದ ನಿನ್ ಮಕ ನೋಡಕ್ ಆಯ್ತಿಲ್ಲ ಕಣಪ್ಪ ನಂಗೆ."

ಅವನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಇಷ್ಟು ತಿಂಗಳು ತಾನೊಬ್ಬನೇ ಬಲ್ಲೆ ಎಂದುಕೊಂಡಿದ್ದ ಮಾತನ್ನು ಬೇರೆಯವರ ಬಾಯಿಂದ ಕೇಳಿ ಅವನು ಜಗಲಿಯ ಅಂಚಿಗೆ ಕೂತುಬಿಟ್ಟ. ಎಳನೀರಿನ ಗಾಡಿಯ ಮುಂದೆ ನಿಂತು ಅವನು ಆವತ್ತು ಯೋಚಿಸುತ್ತಿದ್ದದ್ದು ಆಸ್ಪತ್ರೆಯ ಬಿಲ್ಲಿನ ವಿಷಯ. ಅವಳ ಬದಲು ನನ್ನನ್ನು ಕರೆದುಕೋ ಎಂದು ಬೇಡಿಕೊಳ್ಳುವುದು ಅವನಿಗೆ ಹೊಳೆದಿರಲೇ ಇಲ್ಲ. ಅದನ್ನು ಅತ್ತೆಗೆ ಹೇಳಿದ. ಹೊಳೀಲಿಲ್ಲ ಅತ್ತೆ ಎಂದ, ಹೇಳುವಾಗ ತಡೆದುಕೊಂಡಿದ್ದ ಅಳುವೆಲ್ಲ ಒಟ್ಟಿಗೇ ಬಂತು. ಚಿಕ್ಕಗಂಗಮ್ಮ ಅವನನ್ನು ಸಮಾಧಾನ ಮಾಡಲಿಲ್ಲ. ಅಳು ಒಂದು ಹದಕ್ಕೆ ಬರುವವರೆಗೆ ಕೂತಿದ್ದು ಮಾತು ಮುಂದುವರಿಸಿದಳು. ದೇವರು ನನ್ನ ಮಾತು ಕೇಳಲಿಲ್ಲ, ಅವನಿಗೆ ಗೊತ್ತು ಏನು ಮಾಡಬೇಕೆಂದು. ಮುಗಿದುಹೋದ ಮಾತನ್ನು ಈಗ ನೀನು ಜೇಬಿನಲ್ಲಿಟ್ಟುಕೊಂಡು ತಿರುಗಬೇಡ ಎಂದಳು. ಮನೆ ಹೋದರೆ ಹೋಗಲಿ ಎಂದಳು. ಹಾಗೆನ್ನುವಾಗ ಅವಳ ಮುಖವೂ ಕಿವುಚಿಹೋಯಿತು, ಮಗಳು ಕಟ್ಟಿಸಿದ ಮನೆ ಅವಳಿಗೂ ಬೇಕಾಗಿತ್ತು. ಆಮೇಲೆ ಪಕ್ಕದ ಮನೆಯ ಕಡೆ ತಿರುಗಿ ಇಂಪನಾಳನ್ನು ಕೂಗಿದಳು.

ಇಂಪನಾ ಮೊಣಕಾಲಿನವರೆಗೂ ಮಣ್ಣು ಮಾಡಿಕೊಂಡು ಓಡಿಬಂದಳು. ಅಪ್ಪನ ಕೆಂಪು ಕಣ್ಣು ನೋಡಿ, ಅಜ್ಜಿಯ ಮುಖ ನೋಡಿ, ತನ್ನಿಂದ ಏನು ತಪ್ಪಾಗಿದೆ ಎಂದು ತಿಳಿಯದೆ ಅಲ್ಲೇ ನಿಂತಳು. ಚಿಕ್ಕಗಂಗಮ್ಮ ಅವಳನ್ನು ಭುಜ ಹಿಡಿದು ಅವನ ಮುಂದೆ ತಂದು ನಿಲ್ಲಿಸಿದಳು.

"ಮಗೀನ್ ತಲೆ ಮುಟ್ಟಿ ಹೇಳು. ನಾಳೆ ಬ್ಯಾಂಕಿಗ್ ಹೋಗಿ ಅದನ್ನ ವಾಪಸ್ ಕೊಟ್ ಬತ್ತೀನಿ ಅಂತ."

ಅವನು ಕೈಯೆತ್ತಿದ. ಎತ್ತಿದ ಕೈ ಮಗುವಿನ ತಲೆಯ ಮೇಲೆ ಬಾರದೆ ನಡುವೆಯೇ ನಿಂತಿತು. ಇಷ್ಟು ಸಣ್ಣ ಕೆಲಸಕ್ಕೆ ತನ್ನ ಮೈಯಲ್ಲಿ ಇಷ್ಟೊಂದು ವಿರೋಧವಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಈ ಕೈ ಇಳಿದರೆ ಅಡುಗೆ ಕಟ್ಟೆ ಹೋಗುತ್ತದೆ, ನಂದಿತಾ ಬಟ್ಟೆ ಒಣಹಾಕುತ್ತಿದ್ದ ತಂತಿ ಹೋಗುತ್ತದೆ, ಗೋಡೆಗೆ ಅವಳೇ ನಿಂತು ಆರಿಸಿದ ಆ ತಿಳಿ ಹಳದಿ ಬಣ್ಣ ಹೋಗುತ್ತದೆ. ಅಷ್ಟೇ ಆಗಿದ್ದರೆ ಇಳಿಸಿಬಿಡುತ್ತಿದ್ದನೇನೋ. ಮಧ್ಯಾಹ್ನದಿಂದ ಒಳಗೆ ಬೆಚ್ಚಗೆ ಇಟ್ಟುಕೊಂಡಿದ್ದ, ತನ್ನಿಂದಲೂ ಒಂದು ದಿನ ಎಲ್ಲರಿಗೂ ಒಳ್ಳೆಯದಾಗಬಹುದು ಎಂಬ ಒಂದೇ ಒಂದು ಆಸೆಯೂ ಹೋಗುತ್ತದೆ. ಇಂಪನಾ ಮೇಲಕ್ಕೆ ನೋಡುತ್ತಿದ್ದಳು. ಚಿಕ್ಕಗಂಗಮ್ಮ ಕಾಯುತ್ತಿದ್ದಳು, ಅವನ ಕೈಯನ್ನು ಹಿಡಿದು ಇಳಿಸಲು ಅವಳು ಮುಂದೆ ಬರಲಿಲ್ಲ.

ಅವನೇ ಇಳಿಸಿದ. ಮಗುವಿನ ನೆತ್ತಿ ಆಟದ ಬೆವರಿಗೆ ಬಿಸಿಯಾಗಿತ್ತು. "ವಾಪಸ್ ಕೊಡ್ತೀನಿ," ಎಂದ. ಹೇಳಿದ ಮೇಲೆ ಏನೋ ಹಗುರವಾಗುತ್ತದೆ ಎಂದು ಕಾದ, ಅಂಥದೇನೂ ಆಗಲಿಲ್ಲ. ಇನ್ನು ತಾನು ಸತ್ತರೆ ಯಾರಿಗೂ ಏನೂ ಸಿಗುವುದಿಲ್ಲ ಎಂಬುದಷ್ಟೇ ನಿಧಾನವಾಗಿ ತಿಳಿಯುತ್ತ ಬಂತು. ನಾಳೆ ಬ್ಯಾಂಕು, ಆಮೇಲೆ ಮನೆ ಖಾಲಿ ಮಾಡುವುದು, ಬಾಡಿಗೆಗೆ ಹುಡುಕುವುದು, ರಾತ್ರಿ ಪಾಳಿ, ಮತ್ತೆ ಅದರ ನಾಳೆ, ಈ ಹುಡುಗಿ ದೊಡ್ಡವಳಾಗುವವರೆಗೂ ಅಷ್ಟು ನಾಳೆಗಳಲ್ಲೂ ಇವನೇ ಇರಬೇಕು. ಮೊದಲ ಬಾರಿಗೆ ಅವನಿಗೆ ಸಾಯಲು ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ಬದುಕಬೇಕಲ್ಲ ಎಂದು ಭಯವಾಯಿತು. ಅವನು ಕೈ ತೆಗೆಯಲಿಲ್ಲ. ಕತ್ತು ನೋಯ್ತಿದೆ ಅಪ್ಪ ಎಂದು ಇಂಪನಾ ಹೇಳಿದಾಗಲೇ ಅವಳ ತಲೆಯ ಮೇಲೆ ತಾನು ಎಷ್ಟು ಭಾರ ಬಿಟ್ಟಿದ್ದೇನೆ ಎಂಬುದು ಅವನಿಗೆ ಗೊತ್ತಾದದ್ದು.